ಆಪರೇಟರು ಒರೆಸಿದ ಬೋರ್ಡು

ತರೀಕೆರೆ ಬಸ್ ನಿಲ್ದಾಣದ ಎದುರು ಒಂದು ಫ್ಲೆಕ್ಸ್ ಕಟ್ಟಿದ್ದಾರೆ. ಮೇಲೆ ನಮ್ಮ ಆಪರೇಟರ ಫೋಟೋ, ಅದರ ಕೆಳಗೆ ‘ಸ್ವರ್ಗಸ್ಥ ಕಲಾಸೇವಕರಿಗೆ ಭಾವಪೂರ್ಣ ಶ್ರದ್ಧಾಂಜಲಿ’. ಬಲಗಡೆ ಮೂಲೆಯಲ್ಲಿ ಕೈಗಡಿಯಾರ ಎತ್ತಿ ಹಿಡಿದ ಹೀರೋ ಒಬ್ಬನ ಚಿತ್ರ. ‘ಮೂರನೇ ಭಾಗ, ಶೀಘ್ರದಲ್ಲಿ, ನಿಮ್ಮ ನೆಚ್ಚಿನ ಟಾಕೀಸಿನಲ್ಲಿ.’ ಸತ್ತ ಮನುಷ್ಯನ ಹೆಗಲ ಪಕ್ಕದಲ್ಲೇ ಜಾಹೀರಾತು. ಅದೂ ಯಾವ ಸಿನಿಮಾದಿಂದ ಅವರ ಕೆಲಸ ಹೋಯಿತೋ ಅದೇ ಸಿನಿಮಾದ ಮುಂದಿನ ಭಾಗದ್ದು. ಬಸ್ಸಿಳಿದು ಅದನ್ನು ನೋಡಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಆ ಉರಿ ಆರುವ ಮೊದಲೇ ಬರೆದುಬಿಡಬೇಕೆಂದು ಕೂತಿದ್ದೇನೆ.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಫ್ಲೆಕ್ಸಿನಲ್ಲಿ ಬರೆದಿದ್ದಾರೆ, ಅದರಲ್ಲಿ ಇನಿಶಿಯಲ್ಲೇ ತಪ್ಪು. ಮೂವತ್ತು ವರ್ಷ ಈ ಊರಿನ ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸಿದವರನ್ನು ಯಾರೂ ಹೆಸರು ಹಿಡಿದು ಕರೆದಿರಲಿಲ್ಲ, ಎಲ್ಲರಿಗೂ ‘ಆಪರೇಟ್ರು’. ಈಗ ಸತ್ತ ಮೇಲೆ ‘ಕಲಾಸೇವಕ’ ಆಗಿದ್ದಾರೆ. ‘ಸ್ವರ್ಗಸ್ಥ’ ಅನ್ನುವುದು ಇನ್ನೊಂದು. ಅಜ್ಜಂಪುರದಲ್ಲಿರುವ ಅವರ ಮನೆಯ ಗೋಡೆಯ ಮೇಲೆ ಅಪ್ಪನ ಕಾಲದಿಂದ ಇರುವುದು ಬುದ್ಧನ ಫೋಟೋ ಒಂದೇ. ಸ್ವರ್ಗದ ಬಗ್ಗೆ ಅವರನ್ನು ಕೇಳಿದ್ದರೆ, ‘ನೋಡಿ ಬಂದೋರು ಯಾರಾದ್ರೂ ಇದ್ರೆ ಕರ್ಕೊಂಡ್ ಬನ್ನಿ, ಹೆಂಗೈತೆ ಅಂತ ಕೇಳಾನ’ ಎನ್ನುತ್ತಿದ್ದರು. ನೋಡದೆ ಮಾತಾಡುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

ನನಗೂ ಅವರಿಗೂ ಪರಿಚಯವಾದದ್ದು ಒಂದು ಬೋರ್ಡಿನಿಂದ. ನಾನು ಅಜ್ಜಂಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಕ್ಲಾಸ್ ರೂಮುಗಳಿಗೆ ಹಸಿರು ಬೋರ್ಡು ಬಂದ ವರ್ಷ ಹಳೆಯ ಕರಿ ಹಲಗೆಯೊಂದು ಜಗುಲಿಯಲ್ಲಿ ಮಳೆಗೆ ನೆನೆಯುತ್ತ ಬಿದ್ದಿತ್ತು. ಒಂದು ದಿನ ಯಾರೋ ಗಿಡ್ಡನೆಯ ಮನುಷ್ಯ, ಶರ್ಟಿನ ಜೇಬಿನಲ್ಲಿ ಎರಡು ಸೀಮೆಸುಣ್ಣ ಇಟ್ಟುಕೊಂಡವರು, ಗೇಟಿನಲ್ಲಿ ನಿಂತು, ‘ಅದನ್ನ ಕೊಡ್ತೀರಾ ಮೇಷ್ಟ್ರೇ? ಬರೆಯೋಕೆ ಬೇಕಿತ್ತು’ ಎಂದರು. ಹೆಡ್‌ಮಾಸ್ತರರನ್ನು ಒಪ್ಪಿಸಿ ಕೊಡಿಸಿದೆ. ಲಗೇಜ್ ಆಟೋದಲ್ಲಿ ಹಾಕಿಸಿಕೊಂಡು, ಹಿಂದೆ ತಾವೇ ಕೂತು, ಎರಡೂ ಕೈಯಲ್ಲಿ ಹಿಡಿದುಕೊಂಡು ತರೀಕೆರೆಗೆ ಹೋದರು. ಇಡೀ ತರಗತಿಗೆ ಕಾಣಲೆಂದು ಮಾಡಿಸಿದ ಹಲಗೆ ಅದು, ಟಿಕೆಟ್ ಕೌಂಟರಿನ ಪಕ್ಕದ ಗೋಡೆಯನ್ನು ಪೂರ್ತಿ ತುಂಬಿಕೊಂಡಿತು.

ಪ್ರತಿ ಶುಕ್ರವಾರ ಹೊಸ ಸಿನಿಮಾದ ಮೊದಲ ಆಟ ಮುಗಿದ ಕೂಡಲೇ ಅವರು ಆ ಬೋರ್ಡಿನ ನಡುವೆ ಒಂದು ಗೀಟು ಎಳೆಯುತ್ತಿದ್ದರು. ಎಡಗಡೆ ಸಿನಿಮಾದ ಒಳ್ಳೆಯದು, ಬಲಗಡೆ ಕೆಟ್ಟದ್ದು. ದೇವನೂರು, ಚೌಳಹಿರಿಯೂರಿನಿಂದ ಬಂದ ಜನ ಮೊದಲು ಬೋರ್ಡು ಓದಿ ಆಮೇಲೆ ಟಿಕೆಟ್ಟಿಗೆ ನಿಲ್ಲುತ್ತಿದ್ದರು. ಓದಿ ವಾಪಸ್ ಹೋದವರನ್ನು ನಾನು ಹೆಚ್ಚು ನೋಡಿಲ್ಲ. ‘ಬಲಗಡೆ ಬರ್ದಿರೋದು ನಿಜವಾ ನೋಡೋಣ’ ಎಂದೇ ಒಳಗೆ ಹೋಗುವವರು ಬಹಳ. ಟಾಕೀಸಿನ ಯಜಮಾನರಿಗೂ ಇದು ಗೊತ್ತಿತ್ತು, ಅದಕ್ಕೇ ಸುಮ್ಮನಿದ್ದರು.

ಬರೆಯುವುದಕ್ಕೆ ಕಟ್ಟಳೆಗಳಿದ್ದವು. ಎಡಗಡೆಯದನ್ನೇ ಮೊದಲು ಬರೆಯಬೇಕು. ಎಡಗಡೆ ಬರೆಯಲು ಏನೂ ಸಿಗದಿದ್ದರೆ ಬಲಗಡೆ ಸೀಮೆಸುಣ್ಣ ತಾಗಿಸುವ ಹಾಗಿಲ್ಲ, ಮತ್ತೆ ಹೋಗಿ ಸಿನಿಮಾ ನೋಡಬೇಕು. ಒಂದು ದರಿದ್ರ ಸಿನಿಮಾವನ್ನು ಮೂರು ಆಟ ಪೂರ್ತಿ ಕೂತು ನೋಡಿ, ಕೊನೆಗೆ ರಾತ್ರಿ ಹೊರಗೆ ಬಂದು ಎಡಗಡೆ ಒಂದೇ ಸಾಲು ಬರೆದರು: ‘ನಾಯಿ ಚೆನ್ನಾಗಿ ಮಾಡಿದೆ.’ ಆಮೇಲೆ ಬಲಗಡೆ ಹದಿನಾಲ್ಕು ಸಾಲು. ಮಾರನೆಯ ದಿನ ಲಕ್ಕವಳ್ಳಿ ಕಡೆಯ ಹೆಂಗಸೊಬ್ಬರು ಸಿನಿಮಾ ನೋಡಿ ಹೊರಬಂದು, ‘ಆಪರೇಟ್ರೇ, ನಾಯಿ ಅಷ್ಟೇ ಕಣ್ರೀ ಚೆನ್ನಾಗಿರೋದು. ನೀವು ಹೇಳಿದ್ದು ಸತ್ಯ’ ಎಂದಾಗ ಅವರಿಗೆ ಆದ ಸಂತೋಷವನ್ನು ನೋಡಬೇಕಿತ್ತು. ಹಾಗೆಯೇ ಎಷ್ಟು ದೊಡ್ಡ ಸಿನಿಮಾ ಇರಲಿ, ಊರೆಲ್ಲ ಕುಣಿಯುತ್ತಿರಲಿ, ಬಲಗಡೆಯನ್ನು ಖಾಲಿ ಬಿಟ್ಟದ್ದಿಲ್ಲ.

ಕೆಲಸ ಶುರು ಮಾಡಿದ್ದು ಚೌಳಹಿರಿಯೂರಿನ ಹತ್ತಿರ ಟೆಂಟ್ ಹಾಕುತ್ತಿದ್ದ ಸಿನಿಮಾದವರ ಜೊತೆ, ಆಮೇಲೆ ಕಡೂರಿನಲ್ಲಿ ಕೆಲವು ವರ್ಷ, ಆಮೇಲೆ ತರೀಕೆರೆ. ರೀಲಿನ ಕಾಲದಲ್ಲಿ ಯಂತ್ರದ ಮೇಲೆ ಅಂಗೈ ಇಟ್ಟೇ, ಇನ್ನು ಎಷ್ಟು ನಿಮಿಷಕ್ಕೆ ರೀಲು ಬದಲಿಸಬೇಕೆಂದು ಹೇಳುತ್ತಿದ್ದರಂತೆ. ಡಿಜಿಟಲ್ ಬಂದ ಮೇಲೆ ಕಂಪನಿಯವರು ಪಾಸ್‌ವರ್ಡ್ ಕಳಿಸಿದರೆ ಸಿನಿಮಾ ತಾನಾಗಿ ಓಡುತ್ತದೆ. ‘ಬಟನ್ ಒತ್ತೋಕೆ ಆಪರೇಟರ್ ಯಾಕ್ ಬೇಕು ಮೇಷ್ಟ್ರೇ? ನೋಡೋಕ್ ಬೇಕು’ ಎಂದು ಅಂದಿನಿಂದ ಬಟನ್ ಒತ್ತಿ ಕೆಳಗಿಳಿದು ಕೊನೇ ಸಾಲಿನಲ್ಲಿ ಕೂರುತ್ತಿದ್ದರು. ಜನ ಎಲ್ಲಿ ನಗುತ್ತಾರೆ, ಎಲ್ಲಿ ಮೊಬೈಲ್ ತೆಗೆಯುತ್ತಾರೆ, ಎಲ್ಲಿ ಕಡಲೆಕಾಯಿ ಬಿಡಿಸುವುದನ್ನು ನಿಲ್ಲಿಸುತ್ತಾರೆ, ಎಲ್ಲವೂ ಅವರಿಗೆ ಲೆಕ್ಕಕ್ಕೆ ಬರುತ್ತಿತ್ತು.

ಮಹಾ ಮುಂಗೋಪಿ. ರೀಲಿನ ಕಾಲದಲ್ಲಿ ಯಾರೋ ಸಾವಿನ ದೃಶ್ಯದಲ್ಲಿ ಶಿಳ್ಳೆ ಹೊಡೆದರೆಂದು ಸಿನಿಮಾ ನಿಲ್ಲಿಸಿ ಕೆಳಗೆ ಬಂದು ಬೈದು ಹೋದವರು. ಕಡೂರಿನಲ್ಲಿರುವ ಅಣ್ಣ ‘ಟಾಕೀಸಿನ ಕೆಲಸಾನೂ ಒಂದ್ ಕೆಲಸವಾ’ ಎಂದ ಒಂದೇ ಮಾತಿಗೆ ಅವನ ಜೊತೆ ಸಾಯುವವರೆಗೆ ಮಾತಾಡಲಿಲ್ಲ. ಮನೆಯಲ್ಲೂ ಅದೇ ಕತೆ. ಉಪ್ಪಿಟ್ಟು ಬಾಯಿಗಿಟ್ಟು, ‘ಎಡಗಡೆ: ಬಿಸಿ ಐತೆ. ಬಲಗಡೆ: ಉಪ್ಪು ಜಾಸ್ತಿ, ಗಂಟು, ಕರಿಬೇವು ಕಪ್ಪಾಗೈತೆ’ ಎಂದು ಹೇಳುವ ಗಂಡನನ್ನು ಆ ಹೆಂಗಸು ಹೇಗೆ ಸಹಿಸಿಕೊಂಡರೋ. ಅವರೇ ಒಮ್ಮೆ ನನ್ನೆದುರು, ‘ಇವ್ರಿಗೂ ಒಂದ್ ಬೋರ್ಡ್ ಹಾಕ್ತೀನಿ ಮೇಷ್ಟ್ರೇ, ಸೀಮೆಸುಣ್ಣ ಸಾಲಲ್ಲ ಅಷ್ಟೇ’ ಎಂದಿದ್ದರು. ಆಪರೇಟರು ನಕ್ಕಿದ್ದರು. ತಮ್ಮ ಬಲಗಡೆಯ ಬಗ್ಗೆ ಕೇಳಿ ನಗುವುದು ಅವರಿಗೆ ಗೊತ್ತಿತ್ತು.

ಎರಡು ವರ್ಷದ ಹಿಂದೆ ಆ ಸಿನಿಮಾ ಬಂತು. ಮೊದಲನೇ ಭಾಗ ನಮಗಿಬ್ಬರಿಗೂ ಮೆಚ್ಚುಗೆಯಾಗಿತ್ತು. ಕಾಲವನ್ನು ನಿಲ್ಲಿಸುವ ಗಡಿಯಾರವೊಂದು ಒಬ್ಬ ಸಾಮಾನ್ಯ ರೈಲ್ವೆ ನೌಕರನಿಗೆ ಸಿಗುತ್ತದೆ. ಒಂದು ಸಲ ನಿಲ್ಲಿಸಿದರೆ ಅವನ ಒಂದು ದಿನದ ನೆನಪು ಅಳಿಸಿಹೋಗುತ್ತದೆ. ಊರನ್ನು ಉಳಿಸಲು ಮತ್ತೆ ಮತ್ತೆ ನಿಲ್ಲಿಸಿ, ಕೊನೆಗೆ ತನ್ನ ಮಗಳನ್ನೇ ಗುರುತು ಹಿಡಿಯದೆ ಪ್ಲಾಟ್‌ಫಾರ್ಮಿನ ಮೇಲೆ ನಿಲ್ಲುತ್ತಾನೆ. ಅಂಥ ಸಿನಿಮಾದ ಎರಡನೇ ಭಾಗ. ರಾಜ್ಯವೆಲ್ಲ ಅದೇ ಮಾತು, ಕಡೂರಿನ ಅಭಿಮಾನಿ ಸಂಘದವರು ಹೀರೋನ ಕಟೌಟಿಗೆ ಹಾಲು ಸುರಿದಿದ್ದರು.

ಶುಕ್ರವಾರ ಮಧ್ಯಾಹ್ನ ಮೊದಲ ಆಟ ಮುಗಿದ ಮೇಲೆ ಆಪರೇಟರ ಫೋನು ಬಂತು.

‘ಮೇಷ್ಟ್ರೇ, ಕಾಲ ನಿಂತ್ರೆ ಬೆಳಕೂ ನಿಲ್ಬೇಕಲ್ವಾ?’

‘ನಿಲ್ಲಬೇಕು.’

‘ಬೆಳಕು ನಿಂತ್ರೆ ಹೀರೋಗೆ ಕಣ್ಣು ಕಾಣೋದೆಂಗೆ?’

ಇಷ್ಟು ವರ್ಷ ಪಾಠ ಮಾಡಿದ್ದೇನೆ, ಇಂಥ ಪ್ರಶ್ನೆಯನ್ನು ಒಬ್ಬನೂ ಕೇಳಿರಲಿಲ್ಲ. ‘ಬಲಗಡೆ ಮೊದಲನೇ ಸಾಲು ಅದನ್ನೇ ಬರೀರಿ ಆಪರೇಟ್ರೇ’ ಎಂದೆ.

‘ಅದೆಂಗ್ ಬರೆಯೋಕಾಯ್ತದೆ? ಮೊದಲನೇ ಭಾಗದಲ್ಲೂ ಕಾಣ್ತಿತ್ತು. ಅವಾಗ ಒಪ್ಕೊಂಡು ಚಪ್ಪಾಳೆ ಹೊಡ್ದ್ವಿ. ಈಗ ತಗಾದೆ ತೆಗೆದ್ರೆ ನ್ಯಾಯ ಅಲ್ಲ. ಸಿನಿಮಾದೋರು ತಾವೇ ಹಾಕ್ಕೊಂಡ ಕಟ್ಟಳೆ ತಾವೇ ಮುರಿದ್ರೆ ಮಾತ್ರ ಬಲಗಡೆ. ಸುಮ್ನೆ ತಿಳ್ಕೊಳಾಣ ಅಂತ ಕೇಳ್ದೆ.’

ಪತ್ರಿಕೆಗಳಲ್ಲಿ, ಮೊಬೈಲಿನಲ್ಲಿ ಎಷ್ಟೋ ಜನ ವಿಮರ್ಶೆ ಬರೆಯುತ್ತಾರೆ. ಈ ಒಂದು ಮಾತಿನಷ್ಟು ನ್ಯಾಯ ಯಾವುದರಲ್ಲೂ ನನಗೆ ಕಂಡಿಲ್ಲ. ತಡೆಯಲಾರದೆ ಬಸ್ಸು ಹತ್ತಿ ತರೀಕೆರೆಗೆ ಹೋದೆ.

ಬೋರ್ಡಿನ ಎಡಗಡೆ ತುಂಬಿತ್ತು. ರೈಲ್ವೆ ಸ್ಟೇಷನ್ನಿನ ಹೊಡೆದಾಟದಲ್ಲಿ ಮಳೆಹನಿಗಳು ಗಾಳಿಯಲ್ಲಿ ನಿಂತುಬಿಡುತ್ತವೆ, ಅದರೊಳಗೆ ಹೀರೋ ಓಡಿದ ದಾರಿ ಸುರಂಗದ ಹಾಗೆ ಉಳಿಯುತ್ತದೆ, ಅವನ ಅಂಗಿಯ ಮುಂಭಾಗ ಮಾತ್ರ ಒದ್ದೆ. ‘ಇದನ್ನು ಯೋಚಿಸಿದವರಿಗೆ ಕೈ ಮುಗಿಯುತ್ತೇನೆ’ ಎಂದು ಬರೆದಿದ್ದರು. ಕಾಲ ನಿಂತಾಗ ಶಬ್ದವೂ ನಿಂತು ಟಾಕೀಸಿನ ಫ್ಯಾನು ಕೇಳಿಸುತ್ತದೆ ಎನ್ನುವುದು ಇನ್ನೊಂದು ಸಾಲು. ಹೊಡೆದಾಟದಲ್ಲಿ ಯಾರು ಯಾರಿಗೆ ಹೊಡೆದರೆಂದು ಸ್ಪಷ್ಟವಾಗಿ ಕಾಣುತ್ತದೆ. ಖಳನಾಯಕಿಯ ಸಿಟ್ಟಿಗೆ ಕಾರಣ ಇದೆ. ಮಗಳು ಅಪ್ಪನಿಗೆ ತನ್ನ ಹೆಸರು ಹೇಳಿಕೊಡುವ ಜಾಗದಲ್ಲಿ ಮುಂದಿನ ಸಾಲಿನ ಗಂಡಸರು ಕಣ್ಣೊರೆಸಿಕೊಂಡರು.

ಬಲಗಡೆ ಸ್ವಲ್ಪ ಕಡಿಮೆ ಇತ್ತು, ಆದರೆ ಚುರುಕಾಗಿತ್ತು. ‘ಮೊದಲ ಭಾಗದಲ್ಲಿ ಕಾಲ ನಿಲ್ಲಿಸಿದರೆ ನೆನಪು ಹೋಗುತ್ತಿತ್ತು. ಈಗ ಪುಕ್ಕಟೆ. ಕಳೆದುಕೊಳ್ಳುವುದು ಏನೂ ಇಲ್ಲದವನು ಹೀರೋ ಹೇಗೆ?’ ಅದರ ಕೆಳಗೆ, ‘ಅಳಿಸಿಹೋದ ಮಗಳ ನೆನಪು ಒಂದು ಹಾಡಿನಲ್ಲಿ ವಾಪಸ್ ಬರುತ್ತದೆ. ಹೇಗೆಂದು ಹೇಳಿಲ್ಲ.’ ‘ಕಾಲವೇ ನಿಂತಿರುವ ಸಿನಿಮಾದಲ್ಲಿ ಹೀರೋ ಮೂರು ಸಲ ಸ್ಲೋ ಮೋಷನ್ನಿನಲ್ಲಿ ಬರುವುದು ಯಾಕೆ?’ ‘ಅಷ್ಟು ಚೆನ್ನಾಗಿ ಮಾಡುವ ಮಗಳನ್ನು ಇಂಟರ್‌ವಲ್ ಆದ ಮೇಲೆ ಕುರ್ಚಿಗೆ ಕಟ್ಟಿಹಾಕಿದ್ದಾರೆ.’ ಕೊನೆಯಲ್ಲಿ, ‘ಮುಕ್ತಾಯವಿಲ್ಲ. ಮೂರನೇ ಭಾಗದ ಜಾಹೀರಾತು ಇದೆ.’

ಟಿಕೆಟ್ ಸಾಲಿನಲ್ಲಿ ನಿಂತೇ ನನಗೆ ನಗು ಬಂತು. ಮೊಬೈಲ್ ತೆಗೆದೆ, ಉದ್ದಕ್ಕೆ ಹಿಡಿದೆ, ಫೋಟೋ ಹೊಡೆದೆ. ಅಷ್ಟಗಲದ ಬೋರ್ಡಿನಲ್ಲಿ ಬಲಗಡೆ ಮಾತ್ರ ಬಂತು. ಹಿಂದೆ ಬೈಕು ನಿಲ್ಲಿಸಿದ್ದರು, ಜಾಗವಿರಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಮೊಬೈಲನ್ನು ಅಡ್ಡ ತಿರುಗಿಸಿದ್ದರೆ ಪೂರ್ತಿ ಸಿಗುತ್ತಿತ್ತು. ಬಲಗಡೆ ಓದಲು ಮಜವಾಗಿತ್ತು, ಅಷ್ಟೇ. ನಿವೃತ್ತ ಶಿಕ್ಷಕರ ವಾಟ್ಸಾಪ್ ಗುಂಪಿಗೆ ‘ತರೀಕೆರೆ ಟಾಕೀಸಿನ ತೀರ್ಪು’ ಎಂದು ಬರೆದು ಹಾಕಿ, ಒಳಗೆ ಹೋಗಿ ಕೂತೆ. ಸಿನಿಮಾ ನಾನಿನ್ನೂ ನೋಡಿರಲೇ ಇಲ್ಲ.

ಸಂಜೆಗೆ ಅದು ಊರೂರು ಸುತ್ತಿತು. ‘ಸಿನಿಮಾ ಓಡಿಸೋ ಟಾಕೀಸಿನವರೇ ತೋಪು ಅಂದಿದ್ದಾರೆ’ ಎಂದು ಯಾರೋ ಸೇರಿಸಿದರು. ಶನಿವಾರ ಬೆಳಗ್ಗೆ ಕಡೂರಿನಿಂದ ಅಭಿಮಾನಿ ಸಂಘದವರು ಎರಡು ಜೀಪಿನಲ್ಲಿ ಬಂದರು, ಅಷ್ಟರಲ್ಲೇ ಹಂಚಿಕೆದಾರರು ಯಜಮಾನರಿಗೆ ಫೋನು ಮಾಡಿ ಎಗರಾಡಿದ್ದರಂತೆ. ಅವರು ಬರುತ್ತಾರೆಂದು ವಾಟ್ಸಾಪ್ ಗುಂಪಿನಲ್ಲಿ ಓದಿ ಮೊದಲ ಬಸ್ಸಿಗೇ ನಾನೂ ಹೋಗಿದ್ದೆ. ಹೋಗಿ ಏನು ಮಾಡಿದೆ? ರಸ್ತೆಯ ಈಚೆ ಬದಿಯ ಟೀ ಅಂಗಡಿಯಲ್ಲಿ ನಿಂತೆ.

ಅಲ್ಲಿಂದಲೇ ಎಲ್ಲ ಕೇಳುತ್ತಿತ್ತು. ಸಂಘದ ಮುಂದಾಳು ಬೋರ್ಡಿನ ಮುಂದೆ ನಿಂತು ಆಪರೇಟರ ಮೇಲೆ ಕೂಗುತ್ತಿದ್ದ. ‘ಏನ್ ಅಂಕಲ್, ನಮ್ಮ ಬಾಸ್ ಸಿನಿಮಾಗೆ ತಪ್ಪು ಹುಡ್ಕೋಕೆ ನೀವ್ಯಾರು?’

‘ನಾನಾ? ನಿನ್ನೆಯಿಂದ ಇದನ್ನ ನಾಲ್ಕ್ ಸಲ ನೋಡಿರೋನು. ನೀನೆಷ್ಟ್ ಸಲ ನೋಡಿದೀಯಪ್ಪಾ?’

‘ಈಗ ಹೋಗ್ತಾ ಇದೀನಿ.’

‘ಹಂಗಾದ್ರೆ ನೋಡ್ಕೊಂಡ್ ಬಾ. ಬೋರ್ಡ್ ಇಲ್ಲೇ ಇರ್ತದೆ. ಎಡಗಡೇನೂ ಓದು, ನಿಮ್ಮ ಬಾಸ್ ಬಗ್ಗೇನೂ ಐತೆ.’

ಸಿನಿಮಾ ನೋಡದೆ ಕೂಗಾಡುವವನನ್ನು ಕಂಡು ನನಗೆ ಅಸಹ್ಯವಾಯಿತು. ನಿನ್ನೆ ನಾನು ಮಾಡಿದ್ದೂ ಅದೇ ಎಂದು ಆಗ ಹೊಳೆಯಲಿಲ್ಲ.

ಯಜಮಾನರು ನಡುವೆ ಬಂದರು. ‘ನೋಡ್ರೀ, ಜಗಳ ಬೇಡ. ಬಲಗಡೆ ಅಷ್ಟು ಒರೆಸ್ಬಿಡಿ. ಎಡಗಡೆ ಹಂಗೇ ಇರ್ಲಿ. ಎಲ್ರಿಗೂ ಸಮಾಧಾನ.’

‘ಒಂದ್ ಕಡೆ ಮಾತ್ರ ಇಟ್ರೆ ಅದು ಬೋರ್ಡ್ ಅಲ್ಲ ಸ್ವಾಮಿ, ಪೋಸ್ಟರ್ರು. ಪೋಸ್ಟರ್ ಅಂಟ್ಸೋಕೆ ಬೇರೆಯೋರು ಅವ್ರೆ.’

‘ಒರೆಸಲ್ಲ ಅಂದ್ರೆ ಕೆಲಸಕ್ಕೆ ಬರೋದು ಬೇಡ.’

ಆಪರೇಟರು ನಲ್ಲಿಯಿಂದ ಬಕೆಟ್ಟಿನಲ್ಲಿ ನೀರು ತಂದರು. ಬಟ್ಟೆ ಅದ್ದಿ ಮೊದಲು ಎಡಗಡೆ ಒರೆಸಿದರು, ಆಮೇಲೆ ಬಲಗಡೆ, ಆಮೇಲೆ ನಡುವಿನ ಗೀಟು. ಮಳೆಹನಿಯ ಸಾಲು ಹೋಯಿತು, ಮಗಳ ಸಾಲು ಹೋಯಿತು. ಸಂಘದವರು ಚಪ್ಪಾಳೆ ಹೊಡೆದರು. ತಮ್ಮ ಬಾಸನ್ನು ಹೊಗಳಿದ ಬರಹವೂ ಹೋಯಿತೆಂದು ಆ ಮುಠ್ಠಾಳರಿಗೆ ತಿಳಿಯಲಿಲ್ಲ, ಅವರು ಅದನ್ನು ಓದಿಯೇ ಇರಲಿಲ್ಲ. ಕ್ಯಾಬಿನ್ನಿನ ಬೀಗದ ಕೈ ಯಜಮಾನರ ಕೈಗಿಟ್ಟು, ಜೇಬಿನ ಸೀಮೆಸುಣ್ಣಗಳನ್ನು ಟಿಕೆಟ್ ಕೌಂಟರಿನ ಕಟ್ಟೆಯ ಮೇಲಿಟ್ಟು ಅವರು ಬಸ್ ನಿಲ್ದಾಣದ ಕಡೆ ನಡೆದರು. ನಾನು ರಸ್ತೆ ದಾಟಲಿಲ್ಲ. ಟೀ ತಣ್ಣಗಾಗಿತ್ತು, ಅದನ್ನೇ ಕುಡಿದೆ.

ವಾರದ ನಂತರ ಅಜ್ಜಂಪುರದ ಬಸ್ ನಿಲ್ದಾಣದಲ್ಲಿ ಸಿಕ್ಕರು. ಜೇಬು ಖಾಲಿಯಿತ್ತು. ಅದೂ ಇದೂ ಮಾತಾಡಿ, ‘ಮೇಷ್ಟ್ರೇ, ಆ ಫೋಟೋ ಯಾರ್ ತೆಗ್ದಿದ್ದು ಅಂತ ಏನಾದ್ರೂ ಗೊತ್ತಾಯ್ತಾ?’ ಎಂದರು.

‘ಯಾರೋ ಪಡ್ಡೆ ಹುಡುಗರು ಇರಬೇಕು ಬಿಡಿ.’

‘ಹುಡುಗ್ರಲ್ಲ. ಅವಕ್ಕೆ ಮೊಬೈಲ್ ಅಡ್ಡ ಹಿಡಿಯೋದು ಗೊತ್ತೈತೆ, ಪೂರ್ತಿ ತೆಗೀತಾವೆ. ಇದು ಉದ್ದ ಹಿಡಿದಿರೋದು. ವಯಸ್ಸಾದೋರ ಕೆಲಸ.’

ನಾನು ಬಸ್ಸು ಬರುವ ಕಡೆ ನೋಡಿದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ‘ಬತ್ತೀನಿ ಮೇಷ್ಟ್ರೇ’ ಎಂದು ಎದ್ದರು. ಆಮೇಲೆ ಎರಡು ವರ್ಷ ನಮ್ಮ ಮನೆಗೆ ಬರುತ್ತಿದ್ದರು, ಕಾಫಿ ಕುಡಿಯುತ್ತಿದ್ದರು, ಬೆಳಕು ಶಬ್ದಗಳ ಬಗ್ಗೆ ಕೇಳುತ್ತಿದ್ದರು. ಸಿನಿಮಾ ಮಾತ್ರ ನೋಡಲಿಲ್ಲ. ಒಂದು ತಿಂಗಳಾದ ಮೇಲೆ ಯಜಮಾನರು ವಾಪಸ್ ಕರೆದಿದ್ದರು. ‘ಬೋರ್ಡ್ ಹಾಕೋಕೆ ಬಿಡ್ತೀರಾ?’ ಎಂದು ಕೇಳಿದರು. ‘ಬಿಡಲ್ಲ’ ಎಂದಾಗ ಹೋಗಲಿಲ್ಲ. ಹಟ ಮಾಡಿ ಮನೆಯಲ್ಲಿ ಕೂತು, ಹೆಂಡತಿಯ ಅಡುಗೆಗೆ ಎರಡು ಕಡೆಯೂ ಬರೆಯುತ್ತ, ಒಳಗೊಳಗೇ ಸೊರಗಿದರು. ಕಳೆದ ತಿಂಗಳು ಎದೆನೋವೆಂದು ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ದಾರಿಯಲ್ಲೇ ಹೋಗಿಬಿಟ್ಟರು.

ಮೊನ್ನೆ ಭಾನುವಾರ ಟಾಕೀಸಿನಲ್ಲೇ, ಬೆಳಗಿನ ಆಟಕ್ಕೆ ಮೊದಲು, ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ನಾನು ಆಪರೇಟರ ಹೆಂಡತಿಯ ಪಕ್ಕದಲ್ಲಿ ಕೂತಿದ್ದೆ. ಯಜಮಾನರು ಮೈಕು ಹಿಡಿದು, ‘ಅಂಥ ಶಾಂತ ಸ್ವಭಾವದ ವ್ಯಕ್ತಿಯನ್ನು ನಾನು ಕಂಡಿಲ್ಲ. ಒಬ್ಬರಿಗೂ ಎದುರಾಡಿದವರಲ್ಲ. ಅವರಲ್ಲಿ ಒಂದೇ ಒಂದು ದೋಷವಿರಲಿಲ್ಲ’ ಎಂದರು. ಆ ಹೆಂಗಸು ನನ್ನ ಕಡೆ ಬಾಗಿ, ‘ಇವ್ರು ಯಾರ್ ಬಗ್ಗೆ ಮಾತಾಡ್ತಾವ್ರೆ ಮೇಷ್ಟ್ರೇ?’ ಎಂದರು. ಸಂಘದ ಮುಂದಾಳು ಬಂದು ಫೋಟೋಗೆ ಹಾರ ಹಾಕಿದ. ಎಲ್ಲರೂ ಎಡಗಡೆಯನ್ನೇ ಬರೆಯುತ್ತಿದ್ದರು, ಅದೂ ಸುಳ್ಳು ಎಡಗಡೆ. ಬದುಕಿದ್ದಾಗ ಅವರ ಬರಹದ ಬಲಗಡೆಯನ್ನು ಒರೆಸಲು ಹೇಳಿದವರು ಸತ್ತ ಮೇಲೆ ಅವರದೇ ಬಲಗಡೆಯನ್ನು ಒರೆಸಿಹಾಕುತ್ತಿದ್ದರು.

ನನ್ನನ್ನು ಕರೆದರು. ಮೈಕು ಹಿಡಿದೆ. ಮೊದಲು ಎಡಗಡೆ ಹೇಳಿದೆ. ನಾಯಿಯ ಕತೆ ಹೇಳಿದೆ, ಮಳೆಹನಿಗೆ ಕೈ ಮುಗಿದದ್ದು ಹೇಳಿದೆ, ಅಷ್ಟು ನ್ಯಾಯವಾಗಿ ನೋಡುವ ಕಣ್ಣು ಈ ತಾಲ್ಲೂಕಿನಲ್ಲಿ ಇನ್ನೊಂದಿರಲಿಲ್ಲ ಎಂದೆ. ಚಪ್ಪಾಳೆ ಬಿತ್ತು. ‘ಇನ್ನು ಬಲಗಡೆ’ ಎಂದೆ. ಯಜಮಾನರು ಕೆಮ್ಮಿದರು. ಕೋಪ, ಹಟ, ಅಣ್ಣನ ಜೊತೆಗಿನ ಮುನಿಸು, ಉಪ್ಪಿಟ್ಟು. ಉಪ್ಪಿಟ್ಟಿನ ಹೊತ್ತಿಗೆ ಅವರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರೋ ಅಳುತ್ತಿದ್ದರೋ ಕಾಣಲಿಲ್ಲ.

‘ಕೊನೇ ಸಾಲು’ ಎಂದೆ. ‘ಸ್ನೇಹಿತರನ್ನು ಆರಿಸುವುದರಲ್ಲಿ ಎಡವಿದರು. ಆ ಫೋಟೋ ತೆಗೆದವನು ನಾನು. ಅರ್ಧ ತೆಗೆದೆ. ಇವರೆಲ್ಲ ಸೇರಿ ಅವರನ್ನು ಹೊರಗೆ ಹಾಕುವಾಗ ಎದುರಿನ ಅಂಗಡಿಯಲ್ಲಿ ಟೀ ಕುಡಿದೆ. ಅವರೇ ಕೇಳಿದಾಗ ಹುಡುಗರ ಮೇಲೆ ಹಾಕಿದೆ.’

ಯಜಮಾನರು ನನ್ನ ಕೈಯಿಂದ ಮೈಕು ತೆಗೆದುಕೊಂಡು, ‘ಮೇಷ್ಟ್ರು ದುಃಖದಲ್ಲಿದ್ದಾರೆ’ ಎಂದು ಹೇಳಿ, ಮೌನಾಚರಣೆಗೆ ಎಲ್ಲರನ್ನೂ ಎಬ್ಬಿಸಿದರು.

ಅದು ಮುಗಿದು ಹೊರಗೆ ಬಂದಾಗ ಆಪರೇಟರ ಹೆಂಡತಿ ಟಿಕೆಟ್ ಕೌಂಟರಿನ ಹತ್ತಿರ ನಿಂತಿದ್ದರು. ನಮ್ಮ ಶಾಲೆಯ ಹಲಗೆ ಅಲ್ಲೇ ಇತ್ತು, ಅದರ ಮೇಲೆ ಮೂರನೇ ಭಾಗದ ಪೋಸ್ಟರು ಅಂಟಿಸಿದ್ದರು.

‘ಅವ್ರಿಗೆ ಗೊತ್ತಿತ್ತು ಮೇಷ್ಟ್ರೇ’ ಎಂದರು. ‘ಬಸ್ ಸ್ಟ್ಯಾಂಡಿಂದ ಬಂದವ್ರೇ ಹೇಳಿದ್ರು. ನಿಮ್ಮ ಬಾಯಲ್ಲೇ ಬರ್ಲಿ ಅಂತ ಎರಡು ವರ್ಷ ನಿಮ್ಮನೆಗೆ ಬಂದು ಕೂತ್ಕೊಂಡ್ ಹೋದ್ರು.’

ಅವರು ಚೀಲವನ್ನು ಹೆಗಲಿಗೇರಿಸಿಕೊಂಡರು.

‘ಅವತ್ತೇ ಹೇಳಿದ್ರೆ ಅದನ್ನ ನಿಮ್ಮ ಎಡಗಡೆ ಬರ್ಕೊಂತಿದ್ರು.’

ಅಜ್ಜಂಪುರದ ಬಸ್ಸಿಗೆ ನಾವಿಬ್ಬರೂ ಒಟ್ಟಿಗೇ ಕಾದೆವು. ‘ಇವತ್ತು ನಾನು ಹೇಳಿದ್ದು ಯಾವ ಕಡೆಗೆ?’ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.